ಗೋಡೆಯ ಬಿರುಕಿಗೂ ಒಂದು ಚರಿತ್ರೆಯಿದೆ

ನೈರೋಬಿಯಲ್ಲಿ ಜನವರಿ–ಫೆಬ್ರುವರಿ ಒಣ ತಿಂಗಳುಗಳು. ಮಾರ್ಚ್‌ನಿಂದ ಮೇವರೆಗೆ ದೀರ್ಘ ಮಳೆ. ಒಣಗಾಲದಲ್ಲಿ ಕಿಟಕಿಯ ಮೂಲೆಯಿಂದ ಗೆರೆಯೊಂದು ಓರೆಯಾಗಿ ಮೇಲೇರುತ್ತದೆ, ಮಳೆ ಹಿಡಿದಾಗ ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಇಲ್ಲಿನ ಕನ್ನಡಿಗರು ಒಂದೆಡೆ ಸೇರಿದಾಗ ಈ ದೂರುಗಳು ನನ್ನ ಕಿವಿಗೂ ಬೀಳುತ್ತವೆ. ನಾನು ವೈದ್ಯನೇ ಹೊರತು ಎಂಜಿನಿಯರ್ ಅಲ್ಲ. ಆದರೂ ಬಿರುಕನ್ನು ವಿಚಾರಿಸುವ ಕ್ರಮ ರೋಗಿಯನ್ನು ವಿಚಾರಿಸುವ ಕ್ರಮಕ್ಕಿಂತ ಬಹಳ ಬೇರೆಯಲ್ಲವೆಂಬುದು ನನ್ನ ಅನುಭವ. ಯಾವಾಗ ಶುರುವಾಯಿತು? ಹೆಚ್ಚುತ್ತಿದೆಯೇ? ಯಾವ ಕಾಲದಲ್ಲಿ ಉಲ್ಬಣಿಸುತ್ತದೆ?

ಮೊದಲು ನೆಲದ ಮಾತು. ರೈಲು ಹಳಿ 1899ರಲ್ಲಿ ಇಲ್ಲಿಗೆ ತಲುಪಿದಾಗ ನಿಲ್ದಾಣವೂ ಕಾರ್ಯಾಗಾರಗಳೂ ಕೆಳಗಿನ ಬಯಲಿನಲ್ಲಿ ಎದ್ದವು. ಅಧಿಕಾರಿಗಳ ಬಂಗಲೆಗಳು ಗುಡ್ಡವೇರಿದವು. ಆ ಗುಡ್ಡವೇ ನಾನಿರುವ ಅಪ್ಪರ್ ಹಿಲ್. ಇಲ್ಲಿ ಕೆಂಪು ಮಣ್ಣು, ಅದರಡಿಯಲ್ಲಿ ಜ್ವಾಲಾಮುಖಿಯ ಶಿಲೆ. ನಗರದ ಪೂರ್ವಕ್ಕೂ ದಕ್ಷಿಣಕ್ಕೂ, ಎಂಬಕಾಸಿ, ಸ್ಯೊಕಿಮಾವು, ಅಥಿ ನದಿಯತ್ತ ಇಳಿದರೆ ಸಿಗುವುದು ಕರಿಮಣ್ಣು. ಗದಗ, ನವಲಗುಂದ, ವಿಜಯಪುರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ; ಬೇಸಿಗೆಯಲ್ಲಿ ಬಾಯಿ ಬಿಡುವ ನಮ್ಮ ಎರೆಹೊಲದ ಮಣ್ಣಿನ ಜಾತಿಯೇ ಇದು. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬಹುಮಹಡಿಯ ಭಾರಕ್ಕೆ ಅದು ಒಂದಿಷ್ಟು ತಗ್ಗೀತು. ಒಂದೇ ಅಂತಸ್ತಿನ ಹಗುರ ಮನೆಯನ್ನು ಮಾತ್ರ ಸಲೀಸಾಗಿ ಎತ್ತಿ ಇಳಿಸುತ್ತದೆ. ಆದ್ದರಿಂದಲೇ ಇಲ್ಲಿ ಕಟ್ಟುವವರು ಕರಿಮಣ್ಣನ್ನು ಅಗೆದು ತೆಗೆದು ಮುರಂ ತುಂಬುತ್ತಾರೆ. ನಮ್ಮಲ್ಲಿ ಗರಸು ಎನ್ನುವುದೇ ಇಲ್ಲಿನ ಮುರಂ. ಅಗೆತದಲ್ಲಿ ಉಳಿಸಿದ ಹಣ ಮುಂದೆ ಗೋಡೆಯ ಮೇಲೆ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ.

ಸ್ಯೊಕಿಮಾವಿನಲ್ಲಿ ಮನೆ ಕೊಂಡ ಹಾವೇರಿ ಕಡೆಯ ದಂಪತಿಗಳಿಗೆ ಆದದ್ದು ಇದೇ. 'ಡಾಕ್ಟ್ರೇ, ವರ್ಷಾ ಬಣ್ಣಾ ಹಚ್ಚಸ್ತೀವ್ರಿ, ವರ್ಷಾ ಅದ ಜಾಗಾದಾಗ ಸೀಳತೈತಿ' ಎಂದು ಆ ತಾಯಿ ಹೇಳಿದ್ದರು. ಒಬ್ಬ ಗುತ್ತಿಗೆದಾರ ಬಂದು, ತಳಪಾಯವನ್ನೇ ಅಗೆದು ಬಲಪಡಿಸಬೇಕೆಂದು ಹೇಳಿಹೋಗಿದ್ದ. ಅವನು ಕೇಳಿದ ಮೊತ್ತ ಕೊಡಬೇಕಾದರೆ ಮಗಳ ಓದಿಗೆಂದು ಇಟ್ಟಿದ್ದ ಠೇವಣಿ ಮುರಿಯಬೇಕಿತ್ತು. ಎರಡನೆಯ ಅಭಿಪ್ರಾಯ ಪಡೆಯಿರಿ ಎಂದೆ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ರೋಗಿಗಳಿಗೂ ನಾನು ಹೇಳುವುದು ಅದನ್ನೇ. ಬಂದ ಹಿರಿಯ ಎಂಜಿನಿಯರ್ ಏನನ್ನೂ ಅಗೆಯಲಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆದರು, ಅಗಲ ಅಳೆದರು: ಮೇಲ್ತುದಿಯಲ್ಲಿ ಮೂರು ಮಿಲಿಮೀಟರ್, ಕೆಳಗೆ ಕೂದಲೆಳೆ. ತಿಂಗಳಿಗೊಮ್ಮೆ ಅಳೆದು ಬರೆದಿಡಲು ಹೇಳಿ ಹೋದರು.

ಒಂದು ವರ್ಷದ ಆ ಲೆಕ್ಕವೇ ರೋಗವನ್ನು ಹೇಳಿತು. ಒಣಗಾಲದಲ್ಲಿ ಬಿರುಕು ತೆರೆಯುತ್ತಿತ್ತು, ಮಳೆಯಲ್ಲಿ ಮುಚ್ಚಿಕೊಳ್ಳುತ್ತಿತ್ತು; ಒಟ್ಟಿನಲ್ಲಿ ಬೆಳೆಯುತ್ತಿರಲಿಲ್ಲ. ಮೇಲೆ ಅಗಲವಾದ ಓರೆ ಬಿರುಕೆಂದರೆ ಮನೆಯ ಆ ಮೂಲೆ ತಗ್ಗುತ್ತಿದೆಯೆಂದು ಅರ್ಥ. ಆ ಮೂಲೆಯ ಪಕ್ಕದಲ್ಲೇ ಒಂದು ನೀಲಗಿರಿ ಮರ. ರೈಲಿನ ಉರುವಲಿಗೆಂದು 1902ರಲ್ಲಿ ಕೀನ್ಯಾಕ್ಕೆ ತಂದ ಮರವಿದು. ನೆಲದ ನೀರು ಹೀರುವುದರಲ್ಲಿ ಎತ್ತಿದ ಕೈ. ಸಾಲದೆಂಬಂತೆ ಮಳೆಗಾಲದಲ್ಲಿ ಚಾವಣಿಯ ನೀರೆಲ್ಲ ಅದೇ ಮೂಲೆಗೆ ಸುರಿಯುತ್ತಿತ್ತು. ಎಂಜಿನಿಯರರು ಆ ನೀರನ್ನು ಕೊಳವೆಯಿಂದ ದೂರಕ್ಕೆ ಸಾಗಿಸಿದರು, ಗೋಡೆಯ ಸುತ್ತ ಹೊರವಾಲಿನ ಕಾಂಕ್ರೀಟ್ ಪಟ್ಟಿ ಹಾಕಿಸಿದರು. ಮರವನ್ನು ಒಮ್ಮೆಲೇ ಉರುಳಿಸಲು ಮಾತ್ರ ಒಪ್ಪಲಿಲ್ಲ. ಬೇರು ಹೀರುವುದು ಹಠಾತ್ತನೆ ನಿಂತರೆ ಒಣಗಿದ ಜೇಡಿ ಮತ್ತೆ ನೀರು ಕುಡಿದು ಮನೆಯನ್ನು ಮೇಲೆತ್ತುತ್ತದೆಯಂತೆ. ಹಂತಹಂತವಾಗಿ ಸವರಿಸಿದರು. ಠೇವಣಿ ಉಳಿಯಿತು.

'ಉಸಿಪೊಜಿಬಾ ಉಫಾ, ಉಟಾಜೆಂಗಾ ಉಕುಟಾ' ಎಂದು ಸ್ವಾಹಿಲಿ ಗಾದೆ: ಬಿರುಕು ಮುಚ್ಚದಿದ್ದರೆ ಗೋಡೆಯನ್ನೇ ಕಟ್ಟಬೇಕಾದೀತು. ಗಾದೆಯ ಆಶಯಕ್ಕೆ ನನ್ನ ತಕರಾರಿಲ್ಲ. ಇಲ್ಲಿನ ಫುಂಡಿಗಳೂ ನಮ್ಮ ಮೇಸ್ತ್ರಿಗಳೂ ಅದನ್ನು ಅಕ್ಷರಶಃ ಪಾಲಿಸುವುದೇ ತೊಂದರೆ. ಇನ್ನೂ ಅಲುಗಾಡುತ್ತಿರುವ ಬಿರುಕಿಗೆ ಸಿಮೆಂಟು ಮೆತ್ತಿದರೆ ಅದು ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಜ್ವರದ ಮೂಲ ನೋಡದೆ ಮಾತ್ರೆ ನುಂಗಿದ ಹಾಗೆ.

ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಎಳೆಗಳು ಗಾರೆ ಒಣಗಿದ ಗುರುತು. ಕಾಂಕ್ರೀಟ್ ಕಂಬಕ್ಕೂ ಕಲ್ಲಿನ ಗೋಡೆಗೂ ನಡುವಿನ ನೇರ ಗೆರೆ, ಎರಡು ವಸ್ತುಗಳು ಬಿಸಿಲಿಗೆ ಬೇರೆಬೇರೆಯಾಗಿ ಹಿಗ್ಗಿ ಕುಗ್ಗುವುದರ ಫಲ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ವರ್ಗೀಕರಣದಲ್ಲಿ ಐದು ಮಿಲಿಮೀಟರ್‌ವರೆಗಿನ ಗೋಡೆ ಬಿರುಕು ಬಹುಪಾಲು ನೋಟಕ್ಕೆ ಸಂಬಂಧಿಸಿದ್ದು. ಅದನ್ನು ಮೀರಿದರೆ ಕಟ್ಟಡದ ಉಪಯುಕ್ತತೆಗೆ ಧಕ್ಕೆ, 25 ಮಿಲಿಮೀಟರ್ ದಾಟಿದರೆ ಭದ್ರತೆಗೇ ಅಪಾಯ. ಕಂಬ ಮತ್ತು ತೊಲೆಗಳಿಗೆ ಈ ರಿಯಾಯಿತಿ ಇಲ್ಲ. ಅವುಗಳ ಉದ್ದಕ್ಕೆ ಕಂದು ಕಲೆಯೊಂದಿಗೆ ಸೀಳು ಮೂಡಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ ಎಂದು ತಿಳಿಯಬೇಕು. ಗಂಟೆಗಳ ಅಂತರದಲ್ಲಿ ಬಿರುಕು ಅಗಲವಾದರೆ, ಸದ್ದು ಕೇಳಿಸಿದರೆ, ಅಳತೆಪಟ್ಟಿ ಹುಡುಕುತ್ತಾ ಕೂರದೆ ಮನೆಯವರನ್ನೂ ನೆರೆಯವರನ್ನೂ ಕರೆದುಕೊಂಡು ಹೊರಬರಬೇಕು.

ಢಾಕಾ ಬಳಿಯ ರಾನಾ ಪ್ಲಾಜಾದಲ್ಲಿ 2013ರ ಏಪ್ರಿಲ್ 23ರಂದು ಬಿರುಕುಗಳು ಕಂಡವು. ಕೆಳ ಅಂತಸ್ತಿನ ಬ್ಯಾಂಕೂ ಅಂಗಡಿಗಳೂ ಮುಚ್ಚಿದವು. ಮೇಲಿನ ಉಡುಪು ಕಾರ್ಖಾನೆಗಳ ಕೆಲಸಗಾರರನ್ನು ಮರುದಿನ ಬೆಳಿಗ್ಗೆ ಒಳಗೆ ಕಳಿಸಲಾಯಿತು. 1,100ಕ್ಕೂ ಹೆಚ್ಚು ಮಂದಿ ಸತ್ತರು. ನೈರೋಬಿಯ ಹುರೂಮಾದಲ್ಲಿ 2016ರ ಏಪ್ರಿಲ್ 29ರ ಮಳೆಯ ರಾತ್ರಿ ಕುಸಿದ ವಸತಿ ಕಟ್ಟಡ ಸುಮಾರು 50 ಜೀವಗಳನ್ನು ತೆಗೆದುಕೊಂಡಿತು. ಅದನ್ನು ಕೆಡವಬೇಕೆಂದು ಮೊದಲೇ ಗುರುತಿಸಲಾಗಿತ್ತು. ಬಾಡಿಗೆದಾರರು ಮಾತ್ರ ಒಳಗೇ ಇದ್ದರು. ಎರಡೂ ಕಡೆ ರೋಗನಿದಾನ ಆಗಿತ್ತು, ಚಿಕಿತ್ಸೆ ಆಗಲಿಲ್ಲ.

ನಮ್ಮ ಅಪ್ಪರ್ ಹಿಲ್‌ನ ಸಮಸ್ಯೆ ಬೇರೆ. ನೆಲ ಗಟ್ಟಿ, ಆದರೆ ನೆರೆಯವರು ಸುಮ್ಮನಿರುವುದಿಲ್ಲ. ಹಳೆಯ ಬಂಗಲೆಗಳು ಹೋಗಿ ಗೋಪುರಗಳು ಏಳುತ್ತಿವೆ. ಅವುಗಳ ನೆಲಮಾಳಿಗೆಗೆ ಆಳವಾಗಿ ಅಗೆದಾಗ ಪಕ್ಕದ ಮಣ್ಣು ಆಧಾರ ಕಳೆದುಕೊಂಡು ಸರಿಯಬಹುದು. ಪಕ್ಕದ ನಿವೇಶನಕ್ಕೆ ತಗಡಿನ ಬೇಲಿ ಬಿದ್ದ ವಾರವೇ ನಾವು ನಿವಾಸಿಗಳು ಸೇರಿ ಎಂಜಿನಿಯರ್ ಒಬ್ಬರಿಂದ ನಮ್ಮ ಕಟ್ಟಡದ ಪ್ರತಿ ಗೋಡೆಯ ಚಿತ್ರ ತೆಗೆಸಿದೆವು. ಇದ್ದ ಗೆರೆಗಳನ್ನೆಲ್ಲ ದಿನಾಂಕ ಸಹಿತ ದಾಖಲಿಸಿ, ಎರಡೂ ಕಡೆಯವರ ಸಹಿ ಹಾಕಿಸಿದೆವು. ಅಗೆತ ಶುರುವಾದ ಮೇಲೆ ತೆಗೆದ ಚಿತ್ರಕ್ಕೆ ಅಷ್ಟು ಬೆಲೆಯಿಲ್ಲ. ಪೂರ್ವದ ಮೆಟ್ಟಿಲ ಬಳಿಯ ಹಳೆಯ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಅಂಟಿಸಲಾಗಿದೆ; ಗೋಡೆ ಅಲುಗಿದರೆ ಮೊದಲು ಒಡೆಯುವುದು ಅದು. ಕಾವಲುಗಾರ ಪ್ರತಿ ಸೋಮವಾರ ಅದನ್ನು ನೋಡಿ ಪುಸ್ತಕದಲ್ಲಿ ಬರೆದಿಡುತ್ತಾನೆ.