ಹಕ್ಕಿಗಳು ಜೊತೆಗೂಡುವ ದಿನ

ಫೆಬ್ರವರಿ 14ರಂದು ಅನೇಕ ದೇಶಗಳ ಪ್ರಣಯಿಗಳು ಆಚರಿಸುವ ವ್ಯಾಲೆಂಟೈನ್ ದಿನವು ತನ್ನ ಹೆಸರನ್ನು ಒಬ್ಬ ಸಂತನಿಂದ ಪಡೆದುದಾದರೂ, ಅದಕ್ಕೆ ಪ್ರಾಣವನ್ನಿತ್ತವನು ಒಬ್ಬ ಕವಿ. ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ ಧರ್ಮಕ್ಕಾಗಿ ಪ್ರಾಣತೆತ್ತರೆಂದು ಸ್ಮರಿಸಲ್ಪಡುವ ವ್ಯಾಲೆಂಟೈನರಲ್ಲಿ ಒಬ್ಬನು ರೋಮಿನ ಪಾದ್ರಿ, ಇನ್ನೊಬ್ಬನು ಟರ್ನಿ ಪಟ್ಟಣದ ಬಿಷಪ್. ಇವರು ಇಬ್ಬರೋ, ಒಬ್ಬನೇ ವ್ಯಕ್ತಿಯ ಎರಡು ಕಥೆಗಳೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಚಕ್ರವರ್ತಿಯ ಆಜ್ಞೆಯನ್ನು ಮೀರಿ ವ್ಯಾಲೆಂಟೈನನು ಸೈನಿಕರಿಗೆ ಗುಟ್ಟಾಗಿ ವಿವಾಹ ಮಾಡಿಸಿದನೆಂಬ ವೃತ್ತಾಂತವು ಎಷ್ಟೋ ಕಾಲದ ಬಳಿಕ ಹೆಣೆದುಕೊಂಡದ್ದು; 13ನೆಯ ಶತಮಾನದಲ್ಲಿ ಯಾಕೋಬಸ್ ದ ವೊರಾಜಿನೆಯು ಸಂಗ್ರಹಿಸಿದ ಸಂತಚರಿತೆಗಳಲ್ಲಿ ಈತನು ಅಂಧಬಾಲಿಕೆಗೆ ದೃಷ್ಟಿಯನ್ನು ಮರಳಿಸಿದ ಪವಾಡವುಂಟೇ ಹೊರತು ಪ್ರಣಯದ ಸೊಲ್ಲಿಲ್ಲ. ಸಂತನ ವಿಷಯದಲ್ಲಿ ಖಚಿತವಾಗಿ ತಿಳಿದದ್ದು ಇಷ್ಟು ಅಲ್ಪವಾದುದರಿಂದಲೇ ಕ್ಯಾಥೊಲಿಕ್ ಧರ್ಮಸಭೆಯು 1969ರಲ್ಲಿ ತನ್ನ ಸಾಮಾನ್ಯ ಪಂಚಾಂಗದಿಂದ ಈತನ ಸ್ಮರಣೆಯನ್ನು ಕೈಬಿಟ್ಟಿತು.

ಹಾಗಾದರೆ ಪ್ರೇಮವು ಈ ದಿನವನ್ನು ಹೊಕ್ಕದ್ದು ಎಲ್ಲಿಂದ? 14ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಜೆಫ್ರಿ ಚಾಸರನು ಬರೆದ, ಪಕ್ಷಿಗಳ ಸಭೆಯನ್ನು ಕುರಿತ ಕಾವ್ಯವೊಂದರಿಂದ. ಸಂತ ವ್ಯಾಲೆಂಟೈನನ ದಿನ ಹಕ್ಕಿಗಳೆಲ್ಲವೂ ತಮ್ಮ ತಮ್ಮ ಜೊತೆಯನ್ನು ಆರಿಸಿಕೊಳ್ಳಲೆಂದು ಪ್ರಕೃತಿದೇವಿಯ ಸನ್ನಿಧಿಯಲ್ಲಿ ನೆರೆಯುತ್ತವೆ. ದೇವಿಯ ಕೈಯ ಮೇಲೆ ಕುಳಿತ ಹೆಣ್ಣುಹದ್ದೊಂದನ್ನು ಮೂರು ಗಂಡುಹದ್ದುಗಳು ಒಂದನ್ನೊಂದು ಮೀರಿಸುವ ವಾಗ್ವೈಖರಿಯಿಂದ ವರಿಸಲು ಬೇಡುತ್ತವೆ. ಬಾತುಕೋಳಿ, ಕೋಗಿಲೆ ಮೊದಲಾದ ಸಾಮಾನ್ಯ ಪಕ್ಷಿಗಳು ಬೇಸತ್ತು ಗದ್ದಲವೆಬ್ಬಿಸುತ್ತವೆ. ಕಡೆಗೆ ನಿರ್ಣಯವನ್ನು ದೇವಿಯು ಹೆಣ್ಣಿಗೇ ಬಿಡಲು, ಅದು ಯೋಚಿಸಲು ಒಂದು ವರ್ಷದ ಅವಧಿಯನ್ನು ಬೇಡುತ್ತದೆ, ದೇವಿಯು ಅದನ್ನು ಅನುಗ್ರಹಿಸುತ್ತಾಳೆ. ರಾಜಕುಲಗಳಲ್ಲಿ ಕನ್ಯೆಯ ಮನಸ್ಸನ್ನು ಕೇಳುವ ಪದ್ಧತಿಯೇ ವಿರಳವಾಗಿದ್ದ ಕಾಲದಲ್ಲಿ, ಆಯ್ಕೆಯ ಹಕ್ಕನ್ನೂ ತಡೆದು ಯೋಚಿಸುವ ಹಕ್ಕನ್ನೂ ಹೆಣ್ಣುಹಕ್ಕಿಗೆ ಕೊಟ್ಟ ಈ ಕಲ್ಪನೆಯೇ ಹಬ್ಬದ ನಿಜವಾದ ಬೀಜವೆಂದು ನಾನು ಎಣಿಸುತ್ತೇನೆ.

ಆ ಬೀಜವು ಕಾವ್ಯದಿಂದ ಮನೆಮಾತಿಗೆ ಇಳಿದುದಕ್ಕೆ ಅತ್ಯಂತ ಹೃದ್ಯವಾದ ಸಾಕ್ಷಿಯು ದೊರೆಯುವುದು ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಒಂದು ಮನೆತನದ ಕಾಗದಪತ್ರಗಳಲ್ಲಿ. 1477ರ ಫೆಬ್ರವರಿಯಲ್ಲಿ ಮಾರ್ಜರಿ ಬ್ರೂಸ್ ಎಂಬ ಕನ್ಯೆಯು ತನ್ನನ್ನು ವರಿಸಬಯಸಿದ್ದ ಜಾನ್ ಪಾಸ್ಟನ್ನನಿಗೆ ಪತ್ರ ಬರೆಯಿಸಿ, ಅವನನ್ನು ತನ್ನ ಪ್ರಿಯ ವ್ಯಾಲೆಂಟೈನನೆಂದೇ ಸಂಬೋಧಿಸಿದಳು. ವಿವಾಹಕ್ಕೆ ಅಡ್ಡಿಯಾಗಿದ್ದುದು, ನಮಗೂ ಅಪರಿಚಿತವಲ್ಲದ ಮಾತು, ವರದಕ್ಷಿಣೆ. ತಾಯಿಯು ಎಷ್ಟು ಶ್ರಮಪಟ್ಟರೂ ತಂದೆಯು ಮೊದಲು ಹೇಳಿದುದಕ್ಕಿಂತ ಹೆಚ್ಚು ಕೊಡಲೊಪ್ಪಲಿಲ್ಲ. ನಿನ್ನ ಆಸ್ತಿಯು ಈಗಿರುವುದರ ಅರ್ಧದಷ್ಟೇ ಇದ್ದರೂ ನಾನು ನಿನ್ನನ್ನು ತೊರೆಯೆನು, ಆದುದರಿಂದ ನೀನೂ ಹಣಕ್ಕಾಗಿ ನನ್ನನ್ನು ತೊರೆಯಬೇಡ ಎಂಬುದು ಆಕೆಯ ಬಿನ್ನಹದ ಸಾರ. ಇದಕ್ಕೆ ಮುನ್ನ ತಾಯಿಯೂ ಜಾನನಿಗೊಂದು ಪತ್ರ ಕಳುಹಿಸಿ, ಬರುವ ಶುಕ್ರವಾರ ಹಕ್ಕಿಗಳೆಲ್ಲ ಜೊತೆಗಾರನನ್ನು ಆರಿಸಿಕೊಳ್ಳುವ ದಿನವೆಂದು ನೆನಪಿಸಿ, ಗುರುವಾರ ರಾತ್ರಿಯೇ ಮನೆಗೆ ಬಾರೆಂದು ಕರೆದಿದ್ದಳು. ಕವಿಯ ಕಲ್ಪನೆಯು ನೂರು ವರ್ಷದೊಳಗೆ ಭಾವೀ ಅತ್ತೆಯೊಬ್ಬಳ ಉಪಾಯವಾದದ್ದು ಎಷ್ಟು ಸೊಗಸು! ಆ ವರ್ಷವೇ ಅವರ ವಿವಾಹವು ನೆರವೇರಿತು.

ಮುಂದಿನ ಶತಮಾನಗಳಲ್ಲಿ ವ್ಯಾಲೆಂಟೈನ್ ಪತ್ರ ಬರೆಯುವ ಈ ಪದ್ಧತಿಯು ಹರಡಿತಾದರೂ, ಅದಕ್ಕೆ ರೆಕ್ಕೆ ಬಂದುದು 1840ರಲ್ಲಿ. ಅದಕ್ಕೆ ಮುನ್ನ ಅಂಚೆಯ ಕೂಲಿಯನ್ನು ಸಾಮಾನ್ಯವಾಗಿ ಪತ್ರವನ್ನು ಪಡೆದವರೇ ತೆರಬೇಕಾಗಿದ್ದು, ದೂರ ಹೆಚ್ಚಿದಂತೆ ದರವೂ ಏರುತ್ತಿತ್ತು. ಆ ವರ್ಷ ರೋಲಂಡ್ ಹಿಲ್ ಎಂಬುವನ ಅಂಚೆ ಸುಧಾರಣೆಯಿಂದ ಕಳುಹಿಸುವವರು ಒಂದು ಪೆನ್ನಿಯ ಅಂಚೆಚೀಟಿ ಅಂಟಿಸಿದರೆ ಬ್ರಿಟನ್ನಿನ ಯಾವ ಮೂಲೆಗಾದರೂ ಹಗುರವಾದ ಪತ್ರವು ತಲಪುವಂತಾಯಿತು. ಇದರಿಂದ ಅಂಗಡಿಯ ಹುಡುಗನೂ ಮನೆಗೆಲಸದ ಹುಡುಗಿಯೂ ತಮ್ಮ ಹೆಸರನ್ನು ಬರೆಯದೆಯೇ ಹೃದಯವನ್ನು ತೆರೆದಿಡಬಹುದಾಯಿತು. ಅದೇ ದಶಕದ ಕೊನೆಗೆ ಅಮೆರಿಕದ ವೂಸ್ಟರ್ ಪಟ್ಟಣದ ಎಸ್ತರ್ ಹೌಲೆಂಡಳು, ಇಂಗ್ಲೆಂಡಿನಿಂದ ಬಂದ ಪತ್ರವೊಂದರ ಅಂದಕ್ಕೆ ಮನಸೋತು, ಜಾಲರಿ ಕಾಗದ, ಬಣ್ಣದ ಚಿತ್ರಗಳನ್ನು ತರಿಸಿಕೊಂಡು, ತನ್ನ ತಂದೆಯ ಮನೆಯಲ್ಲೇ ಗೆಳತಿಯರನ್ನು ಕೂಡಿಸಿ, ಒಬ್ಬಳು ಕತ್ತರಿಸಲು ಮತ್ತೊಬ್ಬಳು ಅಂಟಿಸುವಂತೆ ಕೆಲಸವನ್ನು ಹಂಚಿ, ಪದರ ಪದರವಾಗಿ ತೆರೆದುಕೊಳ್ಳುವ ಶುಭಾಶಯಪತ್ರಗಳನ್ನು ಕೈಯಿಂದಲೇ ಮಾಡಿಸತೊಡಗಿದಳು.