ದಂತಮಜ್ಜೆಯ ಪುನರುತ್ಪತ್ತಿ: ಆಕರಕೋಶವೂ ಸಾರುವೆಯೂ

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ವೆಂಬ ಹೆಸರುಂಟು. ಹಾಲುಹಲ್ಲಾಗಿ ಒಮ್ಮೆಯೂ ಅದು ಬಿದ್ದ ಬಳಿಕ ಸ್ಥಿರದಂತವಾಗಿ ಮತ್ತೊಮ್ಮೆಯೂ ಹುಟ್ಟುವುದರಿಂದ ಈ ಹೆಸರು ಅನ್ವರ್ಥವಾದುದೇ ಸರಿ. ಈ ಎರಡನೆಯ ಹಲ್ಲಿನ ಒಳಜೀವವು ನಷ್ಟವಾದರೆ ಅದನ್ನು ಮರಳಿ ಪಡೆಯಬಹುದೇ ಎಂಬುದು ಈಚಿನ ದಂತವೈದ್ಯರ ವಿಚಾರಕ್ಕೆ ವಿಷಯವಾಗಿರುವುದು.

ಹಲ್ಲಿನ ಒಳಗಣ ಟೊಳ್ಳಿನಲ್ಲಿ ರಕ್ತನಾಳಗಳಿಂದಲೂ ನರಗಳಿಂದಲೂ ಕೂಡಿದ ಮೃದುವಾದ ಅಂಗಾಂಶವೇ ದಂತಮಜ್ಜೆ. ಸಪ್ತಧಾತುಗಳಲ್ಲಿ ಎಣಿಸಲ್ಪಟ್ಟ ಅಸ್ಥಿಗತ ಮಜ್ಜೆಯು ಬೇರೆ, ಇದು ಬೇರೆ. ಇದರ ಅಂಚಿನ ಕೋಶಗಳು ದಂತದ್ರವ್ಯವನ್ನು ನಿರ್ಮಿಸುವುವು. ಮಜ್ಜೆಯು ಕೆಟ್ಟಾಗ ಅದನ್ನು ತೆಗೆದು ನಾಳವನ್ನು ಗಟ್ಟಾಪರ್ಚ ಎಂಬ ಮರದ ಹಾಲಿನ ದ್ರವ್ಯದಿಂದ ತುಂಬುವುದು ರೂಢಿ. ಆದರೆ ಬೇರು ಪೂರ್ತಿ ಬೆಳೆಯುವ ಮೊದಲೇ ಬಾಲಕರ ಹಲ್ಲಿನ ಮಜ್ಜೆ ಸತ್ತರೆ, ಬೇರಿನ ಗೋಡೆ ತೆಳುವಾಗಿಯೇ ಉಳಿದು ಹಲ್ಲು ಮುರಿಯುವ ಭಯವುಂಟು. ಬರಿಯ ಪೂರಣದಿಂದ ಆ ಗೋಡೆ ಬೆಳೆಯದು.

ಪುನರುತ್ಪತ್ತಿಗೆ ಮೂರು ಸಾಧನಗಳು ಬೇಕು: ಆಕರಕೋಶ, ಸಾರುವೆ, ಬೆಳವಣಿಗೆಯ ಪ್ರಚೋದಕ. ತನ್ನಂತಹ ಕೋಶಗಳನ್ನೂ ತನಗಿಂತ ಭಿನ್ನವಾದವುಗಳನ್ನೂ ಹುಟ್ಟಿಸಬಲ್ಲುದೇ ಆಕರಕೋಶ. ‘ಕಾಂಡಕೋಶ’ವೆಂಬುದು ಇಂಗ್ಲಿಷ್ ಪದದ ಅಕ್ಷರಾನುವಾದ, ‘ಆಕರ’ವೆಂಬುದರಲ್ಲಿ ಅರ್ಥವು ಸ್ಫುಟ. ಇವು ಮಜ್ಜೆಯಲ್ಲಿವೆಯೆಂದು 2000ರಲ್ಲಿ ಅಮೆರಿಕದಲ್ಲಿ ಗ್ರೊಂತೋಸ್, ಷಿ ಮೊದಲಾದವರು ತೋರಿಸಿದರು; ಬಿದ್ದ ಹಾಲುಹಲ್ಲುಗಳಲ್ಲಿಯೂ ಇವೆಯೆಂಬುದು 2003ರಲ್ಲಿ ಪ್ರಕಟವಾಯಿತು.

ಸಾರುವೆಯೆಂದರೆ ಕೋಶಗಳು ಅಂಟಿಕೊಂಡು ಹರಡುವುದಕ್ಕೆ ಆಶ್ರಯವಾದ ರಂಧ್ರಮಯ ಜಾಲ. ಕೊಲಾಜೆನ್, ಫೈಬ್ರಿನ್ ಇವು ಸಹಜವಾದುವು. ಪಾಲಿಲ್ಯಾಕ್ಟಿಕ್ ಆಮ್ಲವು ಕೃತಕ. ಮನೆ ಕಟ್ಟುವವರ ಸಾರುವೆಯನ್ನು ಆಳುಗಳು ಬಿಚ್ಚುವರು. ಇದಾದರೋ ತಾನೇ ಕರಗಬೇಕು. ಬೇಗ ಕರಗಿದರೆ ಕೋಶಗಳು ನಿರಾಶ್ರಯವಾಗುವುವು. ತಡವಾದರೆ ಹೊಸ ಅಂಗಾಂಶಕ್ಕೆ ಎಡೆಯಿಲ್ಲ.

ರಕ್ತದ ಹೆಪ್ಪೇ ಸಾರುವೆಯಾಗಬಾರದೇಕೆ ಎಂಬ ಶಂಕೆ ಇಲ್ಲಿ ಸಹಜ. 1961ರಲ್ಲಿ ನಾರ್ವೆಯ ನ್ಯೂಗಾರ್ಡ್ ಓಸ್ಟ್ಬಿ ಇದನ್ನು ಪರೀಕ್ಷಿಸಿದನು. 2004ರಲ್ಲಿ ಬ್ಯಾಂಕ್ಸ್, ಟ್ರೋಪ್ ಎಂಬವರು ಎಳೆಯ ಹಲ್ಲುಗಳಿಗೆ ಇದರ ಕ್ರಮವನ್ನು ಹೇಳಿದರು. ಬೇರಿನ ತುದಿಯಾಚೆ ಚುಚ್ಚಿ ನಾಳದೊಳಗೆ ರಕ್ತವನ್ನು ಬರಿಸುವುದೇ ಆ ಕ್ರಮ. ಇದರಿಂದ ಬೇರು ಬಲಿತುದುಂಟು. ಆದರೆ ಅಂತಹ ಹಲ್ಲುಗಳನ್ನು ಸೂಕ್ಷ್ಮದರ್ಶಕದಿಂದ ನೋಡಿದಾಗ ಅನೇಕ ವೇಳೆ ಕಂಡುದು ಮಜ್ಜೆಯಲ್ಲ, ಎಲುಬಿನಂತಹ ಅಂಗಾಂಶ. ಆದುದರಿಂದ ಇದನ್ನು ‘ರೋಪಣ’ವೆನ್ನಬೇಕಲ್ಲದೆ ‘ಪುನರುತ್ಪತ್ತಿ’ಯೆನ್ನಲಾಗದು. ಹೆಸರಿನ ಈ ವಿವೇಕವು ಕೇವಲ ಶಬ್ದವಿಚಾರವಲ್ಲ. ರೋಗಿಗೆ ಕೊಡುವ ಭರವಸೆಯ ಪ್ರಮಾಣವು ಇದರಿಂದಲೇ ನಿರ್ಣಯವಾಗುವುದು.

2017ರಲ್ಲಿ ಜಪಾನಿನ ನಕಾಷಿಮ ಮೊದಲಾದವರು ಐವರು ವಯಸ್ಕರ ಹಲ್ಲುಗಳಲ್ಲಿ ಅವರವರದೇ ಆಕರಕೋಶಗಳನ್ನು ಕೊಲಾಜೆನ್ ಸಾರುವೆಯೊಡನೆ ಇಟ್ಟರು. ನಾಲ್ವರ ಹಲ್ಲು ವಿದ್ಯುತ್ ಪರೀಕ್ಷೆಗೆ ಸ್ಪಂದಿಸಿತು. 2018ರಲ್ಲಿ ಚೀನದ ಷಿಆನ್‌ನಿಂದ ಪ್ರಕಟವಾದ ಪ್ರಯೋಗದಲ್ಲಿ, ಪೆಟ್ಟುಬಿದ್ದ ಬಾಚಿಹಲ್ಲುಗಳಿಗೆ ಆಯಾ ಮಕ್ಕಳ ಹಾಲುಹಲ್ಲಿನ ಕೋಶಗಳನ್ನೇ ಸೇರಿಸಲು, ಒಂದು ವರ್ಷದಲ್ಲಿ ಬೇರು ನೀಳವಾಗಿ ಸಂವೇದನೆಯೂ ಮರಳಿತು. ಪ್ರಯೋಗಗಳು ಸ್ವಲ್ಪ, ಪರೀಕ್ಷೆಗೆ ಒಳಪಟ್ಟವರೂ ಸ್ವಲ್ಪವೇ. ಆದರೂ ಮಾಡಿನ ಮೇಲೆ ಎಸೆಯುತ್ತಿದ್ದ ಮೊದಲ ಜನ್ಮದ ಹಲ್ಲು ಎರಡನೆಯ ಜನ್ಮದ ಹಲ್ಲಿಗೆ ಜೀವವನ್ನೀಯಬಲ್ಲುದೆಂಬುದು ಇಲ್ಲಿ ಕಂಡುಬಂದಿದೆ.