ಬೇರೆ ಲಿನಕ್ಸ್‌ನ ಪ್ಯಾಕೇಜ್ ಹಾಕಿ ಅಪ್‌ಗ್ರೇಡ್ ಮಾಡಬಹುದಾ?

ಇವತ್ತು ನಾನು ಮಾತಾಡ್ತಿರೋದು ಲಿನಕ್ಸ್ ಬಳಸೋರಿಗೆ ಆಗಾಗ ಬರೋ ಒಂದು ಆಸೆ ಬಗ್ಗೆ. ಲ್ಯಾಪ್‌ಟಾಪ್‌ನಲ್ಲಿರೋದು ಡೆಬಿಯನ್, ಹೊಸ ಸಾಫ್ಟ್‌ವೇರ್ ಬಂದಿರೋದು ಉಬುಂಟುವಿಗೆ. ಅದನ್ನೇ ತಂದು ಇಲ್ಲಿ ಹಾಕಿದ್ರೆ?

ಫೋನ್‌ಗೆ ಎಪಿಕೆ ಹಾಕಿದಷ್ಟೇ ಸುಲಭ ಅನ್ಸುತ್ತೆ. 2004ರಲ್ಲಿ ಉಬುಂಟು ಹುಟ್ಟಿದ್ದೇ ಡೆಬಿಯನ್‌ನಿಂದ. ಎರಡರಲ್ಲೂ ಡೆಬ್ ಫೈಲ್‌ಗಳೇ, ಅವನ್ನು ಹಾಕೋದೂ ‘ಆಪ್ಟ್’ ಅನ್ನೋ ಪ್ರೋಗ್ರಾಮೇ. ಆದರೆ ಹೊರಗಿನ ರೂಪ ಒಂದೇ ಅಂದ ಮಾತ್ರಕ್ಕೆ ಒಳಗಿನದ್ದು ಹೊಂದಲ್ಲ.

ಯಾಕೆ ಅಂತ ನೋಡೋಣ. ಇವೆರಡರಲ್ಲೂ ಬಹುತೇಕ ಪ್ರೋಗ್ರಾಮ್‌ಗಳು ‘ಜಿ-ಲಿಬ್-ಸಿ’ ಅನ್ನೋ ಮೂಲ ಲೈಬ್ರರಿಯನ್ನು ನಂಬಿಕೊಂಡಿವೆ. ಡೆಬಿಯನ್ 12ರಲ್ಲಿ ಅದರ 2.36ನೇ ಆವೃತ್ತಿ ಇದೆ, ಉಬುಂಟು 24.04ರಲ್ಲಿ 2.39. ಹೊಸದಕ್ಕೆ ತಯಾರಾದ ಪ್ರೋಗ್ರಾಮ್ ಹಳೆಯದರ ಮೇಲೆ ಎಷ್ಟೋ ಸಲ ಓಡೋದೇ ಇಲ್ಲ. ಆಗ ಕೆಲವರು ಉಬುಂಟುವಿನ ರೆಪಾಸಿಟರಿಯನ್ನೇ ಸೇರಿಸಿಬಿಡ್ತಾರೆ. ಒಂದು ಸಣ್ಣ ಆ್ಯಪ್‌ಗೋಸ್ಕರ ಮೂಲ ಲೈಬ್ರರಿಯೇ ಬದಲಾಗುತ್ತೆ. ಇಂಥ ಕಲಬೆರಕೆಯನ್ನು ಡೆಬಿಯನ್ ಬಳಗದವರು ‘ಫ್ರಾಂಕನ್‌ಡೆಬಿಯನ್’ ಅಂತ ಕರೀತಾರೆ.

ನನ್ನ ಪ್ರಕಾರ ದೊಡ್ಡ ಅಪಾಯ ಕಣ್ಣಿಗೆ ಬೀಳಲ್ಲ. ಉಬುಂಟುವಿನಿಂದ ಬಂದ ಪ್ಯಾಕೇಜ್‌ನ ಆವೃತ್ತಿ ಸಂಖ್ಯೆ ದೊಡ್ಡದು. ನಾಳೆ ಡೆಬಿಯನ್ ಕಳಿಸೋ ಸೆಕ್ಯುರಿಟಿ ಅಪ್‌ಡೇಟ್‌ನ ಸಂಖ್ಯೆ ಚಿಕ್ಕದು. ‘ನನ್ನತ್ರ ಇರೋದೇ ಹೊಸದು’ ಅಂದ್ಕೊಂಡು ಆಪ್ಟ್ ಅದನ್ನು ಹಾಕೋದೇ ಇಲ್ಲ. ಸಿಸ್ಟಮ್ ಚೆನ್ನಾಗೇ ನಡೀತಿರುತ್ತೆ, ಬಾಗಿಲು ಮಾತ್ರ ತೆರೆದಿರುತ್ತೆ.

ಹಾಗಾದ್ರೆ ಇದು ಯಾವತ್ತೂ ಆಗಲ್ವಾ? ಆಗುತ್ತೆ. ಸೆಂಟ್‌ಓಎಸ್ 8ಕ್ಕೆ 2021ರ ಕೊನೆಗೇ ಬೆಂಬಲ ನಿಲ್ಲುತ್ತೆ ಅಂತ 2020ರ ಡಿಸೆಂಬರ್‌ನಲ್ಲಿ ಘೋಷಣೆ ಆಯ್ತು. ಅದನ್ನು ನಂಬಿಕೊಂಡಿದ್ದ ಸರ್ವರ್‌ಗಳ ಗತಿ ಏನು? 2021ರಲ್ಲೇ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಬಂದವು. ಸೆಂಟ್‌ಓಎಸ್ ಥರಾನೇ ಇವೂ ರೆಡ್ ಹ್ಯಾಟ್‌ನ ಸೋರ್ಸ್ ಕೋಡ್‌ನಿಂದಲೇ ತಯಾರಾದವು. ಎರಡೂ ತಂಡಗಳು ವಲಸೆಗೆ ಸ್ಕ್ರಿಪ್ಟ್ ಕೊಟ್ಟವು. ಅದು ರೆಪಾಸಿಟರಿ ಬದಲಿಸಿ, ಪ್ಯಾಕೇಜ್‌ಗಳನ್ನೆಲ್ಲ ಹೊಸ ಮನೆಯವುಗಳಿಗೆ ಹೊಂದಿಸುತ್ತೆ.

ವ್ಯತ್ಯಾಸ ಇಷ್ಟೇ: ಇಲ್ಲಿ ಮೂಲ ಒಂದೇ, ಆವೃತ್ತಿ ಒಂದೇ, ಬದಲಾಗೋದು ಇಡೀ ಸಿಸ್ಟಮ್. ಅಲ್ಲಿ ಅರ್ಧ ಇದು, ಅರ್ಧ ಅದು.

ನಿಮಗೆ ಬೇಕಿರೋದು ಒಂದೇ ಆ್ಯಪ್ ಆದ್ರೆ, ಮೊದಲು ಡೆಬಿಯನ್ ಬ್ಯಾಕ್‌ಪೋರ್ಟ್ಸ್‌ನಲ್ಲಿ ಹುಡುಕಿ. ಇಲ್ಲದಿದ್ರೆ ಫ್ಲಾಟ್‌ಪ್ಯಾಕ್ ಇದೆ, ತನಗೆ ಬೇಕಾದ ಲೈಬ್ರರಿಗಳನ್ನು ತಾನೇ ತರುತ್ತೆ. ಇಡೀ ಸಿಸ್ಟಮ್ ಬದಲಿಸೋದಾದ್ರೆ ಮೊದಲು ಬ್ಯಾಕಪ್, ಆಮೇಲೆ ಮಿಕ್ಕಿದ್ದು. ಮತ್ತೆ ಸಿಗೋಣ.